ಪಂಚೆಯ ಮೇಲೆ ಪ್ಯಾಂಟು

ಮಾನ ಹೋಗಲು ಮುಹೂರ್ತ ಬೇಡ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ವಾರಕ್ಕೆ ಎರಡು ಸಲವಾದರೂ ನಿಜವಾಗುತ್ತದೆ. ಬೆಳಿಗ್ಗೆ ನಾನು ಭಟ್ಟ. ತಲ್ಲೂರಿನ ಹತ್ತಿರ ಒಂದು ಚಿಕ್ಕ ದೇವಸ್ಥಾನದ ಪೂಜೆ, ಜೊತೆಗೆ ಅಪ್ಪನ ಕಾಲದಿಂದ ಬಂದ ಹನ್ನೆರಡು ಮನೆಗಳ ಪೌರೋಹಿತ್ಯ. ಹತ್ತು ಗಂಟೆಯಿಂದ ನಾನು ಮಾಷ್ಟ್ರು. ಕುಂದಾಪುರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ದೇವಸ್ಥಾನದಲ್ಲಿ ಬರುವುದು ದೇವರ ದೀಪಕ್ಕೆ ಸರಿಹೋಗುತ್ತದೆ, ನಮ್ಮ ಮನೆಯ ಒಲೆಗೆ ಬೇರೆ ದಾರಿ ಬೇಕಲ್ಲ.

ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಒಂದು ಗುಟ್ಟು ಮೊದಲೇ ಒಪ್ಪಿಕೊಳ್ಳುತ್ತೇನೆ, ಇಲ್ಲದಿದ್ದರೆ ಮುಂದಿನದ್ದೆಲ್ಲ ಬರೀ ತಮಾಷೆಯಾಗಿಬಿಡುತ್ತದೆ. ಅಪ್ಪ ಹಾಸಿಗೆ ಹಿಡಿದಾಗ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ದಕ್ಷಿಣೆ ಬಿಟ್ರೂ ಅಡ್ಡಿಲ್ಲೆ ಮಾಣಿ, ಮಂತ್ರ ಬಿಡ್ಬೇಡ." ನಾನು ದಕ್ಷಿಣೆ ಬಿಡಲಿಲ್ಲ. ಹತ್ತು ಗಂಟೆಯ ಕ್ಲಾಸಿಗೆ ಮುಟ್ಟುವ ಗಡಿಬಿಡಿಯಲ್ಲಿ ಮಂತ್ರವನ್ನೇ ಅಲ್ಲಲ್ಲಿ ನುಂಗಲು ಶುರು ಮಾಡಿದೆ. ಮೊದಲು ಒಂದು ಸಾಲು, ಆಮೇಲೆ ಒಂದು ಪುಟ. ಹನ್ನೆರಡು ಮನೆಯವರಿಗೂ ಗೊತ್ತಾಗಲಿಲ್ಲ ಎಂದೇ ತಿಳಿದಿದ್ದೆ. ಹೆಂಡತಿಗೆ ಮಾತ್ರ ಗೊತ್ತಾಯಿತು. "ಒಂದಿನ ಯಾರಾರೂ ಹಿಡಿತ್ರ್, ಕಾಣಿ" ಅಂದಳು. ಅಪ್ಪನ ಹೆಸರು ನನ್ನ ಕೈಯಲ್ಲಿ ಹಾಳಾಗುವ ದಿನ ಯಾವುದು ಎಂಬ ಹೆದರಿಕೆ ಅಂದಿನಿಂದ ನನ್ನ ಜೊತೆಯಲ್ಲೇ ಕಾರಿನಲ್ಲಿ ಓಡಾಡುತ್ತಿದೆ.

ಒಳಗೆ ಯಾರೋ ಇದ್ದಾರೆ

ಪೂಜೆ ಮುಗಿಸಿ ಮನೆಗೆ ಹೋಗಿ ಬಟ್ಟೆ ಬದಲಿಸಿ ಬರುವಷ್ಟು ಹೊತ್ತು ನನಗೆ ಎಂದೂ ಸಿಕ್ಕಿದ್ದಿಲ್ಲ. ಸ್ಕೂಲಿನ ಕಾರು ನನ್ನ ಹತ್ತಿರವೇ ಇರುವುದರಿಂದ ಅದನ್ನು ದಾರಿಯಲ್ಲಿ ಎಲ್ಲಾದರೂ ಮರದಡಿ ನಿಲ್ಲಿಸಿ, ಒಳಗೇ ಕುಳಿತು ಪಂಚೆಯ ಮೇಲೆ ಪ್ಯಾಂಟು ಏರಿಸಿ, ಆಮೇಲೆ ಪಂಚೆಯನ್ನು ಸೊಂಟದಿಂದ ಎಳೆದು ತೆಗೆಯುವ ಒಂದು ವಿದ್ಯೆಯನ್ನು ನಾನೇ ಕಂಡುಹಿಡಿದಿದ್ದೇನೆ. ಸ್ಟೇರಿಂಗಿನ ಕೆಳಗೆ ಇದನ್ನು ಮಾಡುವುದಕ್ಕೆ ಹೋಲಿಸಿದರೆ ಪದ್ಮಾಸನ ಸುಲಭ.

ಒಂದು ದಿನ ತಡವಾಯಿತೆಂದು ಮರ ಹುಡುಕದೆ ಸೀದಾ ಕ್ಲಾಸಿನ ಜಾಗಕ್ಕೇ ಬಂದು ಒಂದು ಬದಿಯಲ್ಲಿ ಕಾರು ನಿಲ್ಲಿಸಿದೆ. ಮೈಮೇಲೆ ಅಂಗಿಯಿಲ್ಲ, ಎದೆ ತುಂಬ ಗಂಧ, ಪ್ಯಾಂಟು ಮೊಣಕಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದೇ ಹೊತ್ತಿಗೆ ಮೊದಲ ದಿನದ ಕ್ಲಾಸಿಗೆ ಬಂದ ಹೆಂಗಸೊಬ್ಬರು ಉತ್ಸಾಹದಿಂದ ಬಾಗಿಲು ತೆಗೆದರು. ಕಿರುಚಲಿಲ್ಲ, ಪುಣ್ಯ. ಬಾಗಿಲು ಹಾಕಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಮ್ಮ ಸ್ಕೂಲಿನ ಮಾಲೀಕರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು. ಗಾಜು ಇಳಿಸಿದ್ದರಿಂದ ನನಗೆ ಎಲ್ಲವೂ ಕೇಳುತ್ತಿತ್ತು.

"ಹ್ವಾಯ್, ನಿಮ್ಮ ಕಾರಲ್ಲ್ ಯಾರೋ ಭಟ್ರ್ ಕೂಕಂಡ್ ಬಟ್ಟೆ ಬಿಚ್ತಾ ಇದ್ರ್!"

ಮಾಲೀಕರು ಸ್ವಲ್ಪವೂ ಗಾಬರಿಯಾಗದೆ ಹೇಳಿದರು: "ಹೆದ್ರ್‌ಬೇಡಿ ಅಕ್ಕ. ಬಟ್ಟೆ ಹಾಕ್ಕಂಡ್ ಆದ್ಮೇಲೆ ಅವ್ರೇ ನಿಮ್ಮ ಮಾಷ್ಟ್ರ್."

ಡಬಲ್ ಗ್ಯಾರಂಟಿ

ಬ್ರಹ್ಮಾವರದಲ್ಲಿ ಒಬ್ಬ ಭತ್ತದ ವ್ಯಾಪಾರಿ. ನಮ್ಮ ಹನ್ನೆರಡು ಮನೆಗಳಲ್ಲಿ ಅವರದ್ದೂ ಒಂದು. ನನ್ನ ಹತ್ತಿರ ಒಂಬತ್ತು ದಿನ ಕಾರು ಕಲಿತು, ಹತ್ತನೆಯ ದಿನದಿಂದ ಬರುವುದನ್ನೇ ಬಿಟ್ಟಿದ್ದರು. ಒಂಬತ್ತು ದಿನದಲ್ಲಿ ಅವರು ಕಲಿತದ್ದು ಹಾರನ್ ಒಂದೇ. ಒಂದು ದಿನ ಅವರದ್ದೇ ಫೋನು. ಹೊಸ ಕಾರು ಬಂದಿದೆ, ವಾಹನ ಪೂಜೆ ಆಗಬೇಕು.

"ನಿಮ್ಗೆ ಮಂತ್ರವೂ ಗೊತ್ತಿತ್ತ್, ಕಾರೂ ಗೊತ್ತಿತ್ತ್. ಡಬಲ್ ಗ್ಯಾರಂಟಿ ಅಲ್ದಾ ಭಟ್ರೇ?" ಅಂದರು.

ಅಂಗಳದಲ್ಲಿ ಕಾರು ನಿಲ್ಲಿಸಿ ಹೂವಿನ ಮಾಲೆ ಹಾಕಿದೆವು. ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರದಡಿ ನಾಲ್ಕು ಲಿಂಬೆಹಣ್ಣು. ನನಗೆ ಹತ್ತಕ್ಕೆ ಕುಂದಾಪುರದಲ್ಲಿ ಕ್ಲಾಸು. ಹೇಳಬೇಕಾದದ್ದರಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಗಂಟೆಯ ಸದ್ದಿನೊಳಗೆ ಸೇರಿಸಿ ಮಂಗಳಾರತಿ ಎತ್ತಿದೆ. ಆಗ ಅವರು ತಾವೇ ಸ್ಟೇರಿಂಗ್ ಹಿಡಿದು ಕುಳಿತು ಕರೆದರು: "ಬನ್ನಿ ಭಟ್ರೇ, ಮೊದಲ ಸುತ್ತು ನಿಮ್ಮನ್ನ್ ಕೂರ್ಸ್ಕಂಡೇ."

ಅಲ್ಲಿಯೇ ನಾನು "ನಿಮಗೆ ಬರುವುದಿಲ್ಲ, ಇಳಿಯಿರಿ" ಎನ್ನಬೇಕಿತ್ತು. ಮಾಷ್ಟ್ರಾಗಿದ್ದರೆ ಎನ್ನುತ್ತಿದ್ದೆ. ಆದರೆ ಸೊಂಟದಲ್ಲಿ ಆಗಷ್ಟೇ ಸಿಕ್ಕಿಸಿಕೊಂಡ ತಾಂಬೂಲವಿತ್ತು, ಮನೆಯವರೆಲ್ಲ ಕೈಮುಗಿದು ನಿಂತಿದ್ದರು. ಕಲಶ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತೆ.

ಲಿಂಬೆಹಣ್ಣು ಪಟಾರನೆ ಒಡೆಯಿತು. ಕಾರು ಜಿಗಿಯಿತು. ಹತ್ತು ವರ್ಷದ ಅಭ್ಯಾಸ, ನನ್ನ ಎರಡೂ ಕಾಲು ತಾವಾಗಿ ಬ್ರೇಕು ಒತ್ತಿದವು. ನಮ್ಮ ಸ್ಕೂಲಿನ ಕಾರಿನಲ್ಲಿ ಮಾಷ್ಟ್ರ ಕಾಲಡಿಯಲ್ಲೂ ಬ್ರೇಕು ಇರುತ್ತದೆ. ಈ ಕಾರಿನಲ್ಲಿ ಅಲ್ಲಿದ್ದದ್ದು ಹೊಸ ಮ್ಯಾಟು. ನಾನು ಮ್ಯಾಟು ಒತ್ತುತ್ತಲೇ ಇದ್ದೆ, ಕಾರು ಅಂಗಳ ದಾಟಿ, ತೆಂಗಿನ ಕಟ್ಟೆ ತಪ್ಪಿಸಿ, ಬಣವೆಯಂತೆ ಒಟ್ಟಿದ್ದ ಹುಲ್ಲುಕುತ್ರಿಗೆ ಹೋಗಿ ಮುಖ ಹುಗಿಯಿತು. ಕಲಶದ ನೀರೆಲ್ಲ ನನ್ನ ತಲೆಯ ಮೇಲೆ.

ಯಾರಿಗೂ ಪೆಟ್ಟಾಗಲಿಲ್ಲ. ವ್ಯಾಪಾರಿ ಮೈಮೇಲಿನ ಹುಲ್ಲು ಕೊಡವುತ್ತ ನನ್ನನ್ನು ನೋಡಿದರು. "ಭಟ್ರೇ, ಮಂತ್ರ ಸಮ ಹೇಳಿರ್ಲಿಲ್ಯಾ?"

ಅರ್ಧ ನುಂಗಿದವನು ಏನು ಉತ್ತರ ಕೊಡಲಿ? ಮಾತು ತಪ್ಪಿಸಲು, "ಮಂತ್ರ ಅಲ್ಲ, ಇದು ಡ್ರೈವಿಂಗ್ ಸರಿಯಾಗಿ ಕಲಿಯದ್ದರಿಂದ ಆದದ್ದು" ಎಂದೆ.

ಜಗಲಿಯಲ್ಲಿ ಕುಳಿತಿದ್ದ ಅವರ ತಾಯಿ ಅಲ್ಲಿಂದಲೇ ತೀರ್ಪು ಕೊಟ್ಟರು: "ಮಂತ್ರ ಹೇಳಿದ್ದೂ ಇವ್ರೇ, ಡ್ರೈವಿಂಗ್ ಕಲ್ಸಿದ್ದೂ ಇವ್ರೇ. ಇನ್ನ್ ಬೇರೆ ಯಾರನ್ನ್ ಬೈಯುದ್?"

ಇದು ಯಾವ ವೇದದ್ದು?

ನನಗೆ ಎರಡು ನಾಲಗೆ ಇದೆ ಎಂದು ಹೆಂಡತಿ ಹೇಳುತ್ತಾಳೆ. ಮಡಿಯಲ್ಲಿ ಬೆಣ್ಣೆ, ಕಾರಿನಲ್ಲಿ ಕತ್ತಿ. ಹೌದು. ಕಾರಿನೊಳಗೆ ಕುಳಿತರೆ ನನ್ನ ಬಾಯಿಯಲ್ಲಿ ಏನೇನು ಬರುತ್ತದೆಂದು ಬರೆಯುವ ಹಾಗಿಲ್ಲ.

ಹಾಲಾಡಿ ಜಂಕ್ಷನ್ನಿನಲ್ಲಿ ಒಂದು ದಿನ ಕಲಿಯುವವರೊಬ್ಬರನ್ನು ಕೂರಿಸಿಕೊಂಡು ಬರುತ್ತಿದ್ದೆ. ನಡುರಸ್ತೆಯಲ್ಲಿ ಮುಂದಿನ ಕಾರು ಆಫ್ ಆಗಿ ನಿಂತುಬಿಟ್ಟಿತು. ಹಿಂದಿನಿಂದ ಬಸ್ಸು, ಎದುರಿನಿಂದ ಲಾರಿ. ನಾನು ಗಾಜಿನಿಂದ ತಲೆ ಹೊರಗೆ ಹಾಕಿ, ಆ ಮನುಷ್ಯನ ಲೈಸೆನ್ಸಿನಿಂದ ಶುರುಮಾಡಿ ಅವನ ಅಜ್ಜನವರೆಗೆ ಹೋಗಿ ಬಂದೆ. ಒಂದೇ ಉಸಿರು. ಮಂತ್ರ ಹೇಳುವಾಗ ಇಲ್ಲದ ಸ್ಪಷ್ಟತೆ ಅಲ್ಲಿತ್ತು, ಒಂದಕ್ಷರವೂ ಬಿಡಲಿಲ್ಲ.

ಆ ಕಾರಿನ ಬಾಗಿಲು ತೆಗೆದು ನಿಧಾನವಾಗಿ ಇಳಿದವರು ನಮ್ಮ ದೇವಸ್ಥಾನದ ಆಡಳಿತ ನೋಡಿಕೊಳ್ಳುವ ಮೊಕ್ತೇಸರರು.

ನಾನು ತಲೆ ಒಳಗೆಳೆದುಕೊಳ್ಳುವಷ್ಟರಲ್ಲಿ ಅವರು ಹತ್ತಿರ ಬಂದಾಗಿತ್ತು. ಕೈಮುಗಿದು ಬಹಳ ವಿನಯದಿಂದ ಕೇಳಿದರು: "ಭಟ್ರೇ, ಇದ್ ಯಾವ ವೇದದ್ದ್? ನಮ್ಮ ದೇವಸ್ಥಾನದಲ್ಲ್ ಒಂದ್ ದಿನವೂ ಕೇಂಡದ್ದಿಲ್ಲೆ."

ಬಲಗಾಲು, ಎಡಗಾಲು

ಬೈಂದೂರಿನಲ್ಲಿ ಒಂದು ಮದುವೆ. ಹುಡುಗನ ಕಡೆಯ ಭಟ್ಟ ನಾನು, ಆದರೆ ಮಾತುಕತೆಯೆಲ್ಲ ಅವನ ಅಪ್ಪನ ಹತ್ತಿರವೇ ಆಗಿತ್ತು. ಮಂಟಪಕ್ಕೆ ಬಂದ ಮದುಮಗನ ಮುಖ ನೋಡಿದಾಗಲೇ ನನಗೆ ಗುರುತು ಸಿಕ್ಕಿತು. ಎರಡು ತಿಂಗಳ ಹಿಂದೆ ನನ್ನ ಹತ್ತಿರ ಕಾರು ಕಲಿತವನು. ಒಳ್ಳೆಯ ಹುಡುಗ, ಆದರೆ ಕ್ಲಚ್ಚಿನಿಂದ ಎಡಗಾಲು ತೆಗೆಯುವುದೆಂದರೆ ಅವನಿಗೆ ಪ್ರಾಣ ಹೋದಂತೆ. ತೆಗೆದರೆ ಒಮ್ಮೆಲೇ ತೆಗೆಯುತ್ತಿದ್ದ. ಇಪ್ಪತ್ತು ದಿನ ಅವನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. "ಕೋಣ" ಎಂದೇ ಕರೆದದ್ದು.

ಹುಡುಗ ನನ್ನನ್ನು ಕಂಡದ್ದೇ ಬೆವರತೊಡಗಿದ. ಮನೆಯವರು ಮದುವೆಯ ಹೆದರಿಕೆ ಎಂದುಕೊಂಡರು.

ಸಪ್ತಪದಿ ಬಂತು. ಅಕ್ಕಿಯ ಏಳು ರಾಶಿ ಹಾಕಿದ್ದೆ. ಮದುಮಗಳ ಕೈ ಹಿಡಿದು ಒಂದೊಂದೇ ಹೆಜ್ಜೆ ಇಡಿಸಬೇಕು. "ಬಲಗಾಲು" ಎಂದೆ, ಎಂದಿನ ನನ್ನ ಗಟ್ಟಿ ಸ್ವರದಲ್ಲಿ. ಆ ಸ್ವರ ಕೇಳಿದ್ದೇ ತಡ, ಹುಡುಗನ ಎಡಗಾಲು ನೆಲಕ್ಕೆ ಅಂಟಿತು. ಬಲಗಾಲು ಗಾಳಿಯಲ್ಲಿ ನಡುಗುತ್ತ ನಿಂತಿತು. ಕಣ್ಣು ನನ್ನ ಮೇಲೆ. ಮದುಮಗಳು ಅವನನ್ನು ಎಳೆಯುತ್ತಾಳೆ, ಅವನು ಅಲುಗುವುದಿಲ್ಲ.

ಹತ್ತು ಸೆಕೆಂಡು ನಾನು ಭಟ್ಟನಾಗಿಯೇ ಇದ್ದೆ. ಹನ್ನೊಂದನೆಯದರಲ್ಲಿ ಬಗ್ಗಿ ಅವನಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದೆ: "ಎಡಗಾಲ್ ಮೆಲ್ಲ ಬಿಡಾ ಕೋಣ! ಹಿಂದಿನವ್ರ್ ಕಾಯ್ತಾ ಇದ್ರ್!"

ಬೆಳಿಗ್ಗೆ ವಿಡಿಯೋದವರು ನನ್ನ ಶಾಲಿಗೆ ಒಂದು ಚಿಕ್ಕ ಮೈಕು ಸಿಕ್ಕಿಸಿದ್ದು ನನಗೆ ಮರೆತೇಹೋಗಿತ್ತು.

ಸಭಾಂಗಣದಲ್ಲಿ ಊಟದ ಪಂಕ್ತಿಯವರೆಗೂ ಸ್ಪೀಕರು ಇತ್ತು. "ಕೋಣ" ಎಂಬುದು ಅಲ್ಲಿಯವರೆಗೂ ಹೋಗಿ, ಗೋಡೆಗೆ ಬಡಿದು ಹಿಂದೆಯೂ ಬಂತು. ಹುಡುಗ ಮಾತ್ರ ಪಾಪ, ಹೇಳಿದಂತೆ ಎಡಗಾಲನ್ನು ಮೆಲ್ಲ ಬಿಟ್ಟು ಏಳೂ ಹೆಜ್ಜೆ ಚೆನ್ನಾಗಿ ನಡೆದ. ನಾನು ಭೂಮಿ ಬಾಯಿ ಬಿಡಬಾರದೇ ಎಂದು ಅಕ್ಕಿಯ ರಾಶಿಯನ್ನೇ ನೋಡುತ್ತಿದ್ದೆ.

ಹುಡುಗಿಯ ಸೋದರಮಾವ ಎದ್ದು ನಿಂತು ಹೇಳಿದ್ದು ಮೈಕಿಲ್ಲದೆಯೂ ಎಲ್ಲರಿಗೂ ಕೇಳಿತು: "ಭಟ್ರೇ, ಈ ವಿಷಯ ನಿಶ್ಚಿತಾರ್ಥದ ದಿನವೇ ಹೇಳ್ಕಿತ್ತ್!"

ಟೀಚರ್

ಇನ್ನು ಟೀಚರ್ ಕಥೆ. ಇದರಲ್ಲಿ ಬರುವ ಅವರ ಮಗ ಮರುದಿನ ಕಡಲಿಗೆ ಹೋಗಿ ಸುಖವಾಗಿ ತಿರುಗಿ ಬಂದ ಎಂದು ಮೊದಲೇ ಹೇಳಿಬಿಡುತ್ತೇನೆ. ಬಾರದಿದ್ದರೆ ಇದನ್ನು ಬರೆಯುವ ಮುಖ ನನಗೆ ಇರುತ್ತಿರಲಿಲ್ಲ.

ಟೀಚರ್ ಗಂಗೊಳ್ಳಿ ಕಡೆಯ ಮೀನುಗಾರರ ಮನೆಯವರು. ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದವರು. ಮಗ್ಗಿ ತಪ್ಪಿದರೆ ಹೊಡೆಯುತ್ತಿರಲಿಲ್ಲ, ಊಟದ ಬೆಲ್ ಹೊಡೆದರೂ ಬಿಡುತ್ತಿರಲಿಲ್ಲ. "ಸಮ ಹೇಳಿ ಹೋಗು" ಎನ್ನುತ್ತಿದ್ದರು, ಅಷ್ಟೇ. ಅವರ ಮನೆಗೆ ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆಗೆ ಅಪ್ಪ ಹೋಗುತ್ತಿದ್ದರು, ಈಗ ನಾನು ಹೋಗುತ್ತೇನೆ. ಪೂಜೆ ಮುಗಿದ ಮೇಲೆ ಅವರು ನನ್ನ ಕಾಲಿಗೆ ಬೀಳುತ್ತಾರೆ. ಅಕ್ಷರ ಕಲಿಸಿದವರು ಕಾಲಿಗೆ ಬೀಳುವಾಗ ನನ್ನ ಕಾಲು ಎಲ್ಲಿ ಬಚ್ಚಿಡಬೇಕೆಂದೇ ನನಗೆ ತಿಳಿಯುವುದಿಲ್ಲ.

ರಿಟೈರಾದ ಮೇಲೆ ಅವರಿಗೆ ಕಾರು ಕಲಿಯುವ ಮನಸ್ಸಾಯಿತು. ಮಗ ಕಡಲಿಗೆ ಹೋದರೆ ಅಂಗಳದ ಕಾರು ಸುಮ್ಮನೆ ನಿಂತಿರುತ್ತದೆ, ಮೊಮ್ಮಕ್ಕಳನ್ನು ಶಾಲೆಗೆ ಬಿಡಲು ಯಾರೂ ಇಲ್ಲ. ನನ್ನ ಹತ್ತಿರವೇ ಬಂದರು. ಮೊದಲ ಮೂರು ದಿನ ನಾನು "ಟೀಚರ್, ದಯವಿಟ್ಟು" ಎಂದೇ ಕಲಿಸಿದೆ. ನಾಲ್ಕನೆಯ ದಿನ ಕೋಡಿ ರಸ್ತೆಯಲ್ಲಿ ಅವರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಾಗ ನನ್ನ ಎರಡನೇ ನಾಲಗೆ ಹೊರಗೆ ಬಂತು.

"ಮಂಡೆ ಒಳಗೆ ಎಂತ ಸಗಣಿ ಇತ್ತಾ?"

ಟೀಚರ್ ಕಾರು ಬದಿಗೆ ನಿಲ್ಲಿಸಿದರು. ನನ್ನ ಕಿವಿ ಕೆಂಪಾಯಿತು, ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ "ಅವಸರವೇ ಅಪಘಾತಕ್ಕೆ ಕಾರಣ, ಅಲ್ದಾ ಮಾಷ್ಟ್ರೆ?" ಎಂದು ನಮ್ಮ ಸ್ಕೂಲಿನ ಗೋಡೆಯ ಮೇಲಿನ ಬರಹವನ್ನು ಓದಿದವರಂತೆ ಹೇಳಿ ಗಾಡಿ ಚಾಲೂ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಟೆಸ್ಟಿನ ದಿನ ರಿವರ್ಸ್ ಬರುವಾಗ ಕಂಬಕ್ಕೆ ತಾಗಿಸಿದರು. ಫೇಲು. ಬಹುಶಃ ಮೂರನೇ ಕ್ಲಾಸಿನ ಯಾವುದೋ ಹಸಿದ ಮಧ್ಯಾಹ್ನ ನನ್ನೊಳಗೆ ಉಳಿದಿತ್ತೋ ಏನೋ, ನಾನು ಸ್ವಲ್ಪ ಖುಷಿಯಲ್ಲೇ ಹೇಳಿದೆ: "ಫೇಲ್ ಅಂದ್ರೆ ಫೇಲ್ ಟೀಚರ್. ಮತ್ತೆ ಮೊದಲಿಂದ."

"ಆಯ್ತ್ ಮಾಷ್ಟ್ರೆ" ಅಂದರು.

ಅದಾಗಿ ಎರಡು ವಾರಕ್ಕೆ ಅವರ ಮನೆಯಲ್ಲಿ ಪೂಜೆ. ಮಳೆಗಾಲ ಇಳಿದು ಮೀನುಗಾರಿಕೆ ಮತ್ತೆ ಶುರುವಾಗುವ ಹೊತ್ತು. ಮಗ ಹೊಸ ದೋಣಿ ಮಾಡಿದ್ದ, ಮರುದಿನ ಬೆಳಿಗ್ಗೆ ಅದು ಮೊದಲ ಸಲ ಕಡಲಿಗೆ ಇಳಿಯಬೇಕು. ಕೇರಿಯ ಹೆಂಗಸರೆಲ್ಲ ಬಂದು ಕುಳಿತಿದ್ದರು. ದೇವಸ್ಥಾನದಲ್ಲಿ ತಡವಾಗಿ, ನಾನು ಮುಟ್ಟುವಾಗಲೇ ಒಂಬತ್ತು. ಹತ್ತಕ್ಕೆ ಕ್ಲಾಸು.

ಸತ್ಯನಾರಾಯಣ ಪೂಜೆಯ ಕಥೆಗೆ ಐದು ಅಧ್ಯಾಯ. ನನ್ನ ಲೆಕ್ಕದಲ್ಲಿ ಮೊದಲ ಎರಡು ಒಂದೇ ಉಸಿರಿಗೆ, ಮೂರನೆಯದು ಅರ್ಧ, ನಾಲ್ಕನೆಯದು ಸಾಮಾನ್ಯವಾಗಿ ಇಲ್ಲವೇ ಇಲ್ಲ. ಆದರೆ ನಾಲ್ಕನೆಯದರಲ್ಲಿ ದೋಣಿಯಿದೆ, ಕುಳಿತವರು ಕಡಲಿನವರು, ಅವರಿಗೆ ಇಷ್ಟವಾದೀತೆಂದು ಶುರು ಮಾಡಿದೆ. ಕಥೆಯಲ್ಲಿನ ವ್ಯಾಪಾರಿಯ ದೋಣಿ ಊರಿಗೆ ಬಂತು, ಗಂಡ ಬಂದನೆಂಬ ಸಂಭ್ರಮದಲ್ಲಿ ಮಗಳು ಪ್ರಸಾದ ತಿನ್ನದೆ ಓಡಿದಳು, ಅಳಿಯನ ಸಮೇತ ದೋಣಿ ಮುಳುಗಿತು. ಹೆಂಗಸರು ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಮಣೆಯ ಪಕ್ಕ ಇಟ್ಟಿದ್ದ ನನ್ನ ಫೋನು ಗುರುಗುಟ್ಟಿತು. ಒಂಬತ್ತೂ ಮುಕ್ಕಾಲು.

"ಹೀಗಿರಲು ಇನ್ನೊಂದು ಊರಿನಲ್ಲಿ ಒಬ್ಬ ರಾಜನಿದ್ದ" ಎಂದು ಐದಕ್ಕೆ ಹಾರಿದೆ. ಎರಡು ನಿಮಿಷದಲ್ಲಿ ರಾಜನನ್ನೂ ಮುಗಿಸಿ ಮಂಗಳಾರತಿಗೆ ಗಂಟೆ ಎತ್ತಿದೆ.

ಯಾರೂ ಏಳಲಿಲ್ಲ. ಮಣೆಯ ಮೇಲೆ ಕುಳಿತಿದ್ದ ಟೀಚರ್ ಮಗ ಸಣ್ಣ ಸ್ವರದಲ್ಲಿ ಕೇಳಿದ: "ಭಟ್ರೇ, ಹಂಗಾರೆ ಆ ಅಳಿಯ ಸತ್ನಾ?"

"ಇಲ್ಲ, ಇಲ್ಲ. ದೋಣಿ ಮೇಲೆ ಬರುತ್ತದೆ" ಎಂದೆ.

"ಯಾವಾಗ?" ಎಂದು ಟೀಚರ್ ಸ್ವರ ಬಂತು. "ನೀವ್ ಕ್ಲಾಸ್ ಮುಗ್ಸಿ ಬಂದ್ಮೇಲಾ?"

ಕೆಲವರು ನಕ್ಕರು. ಮಗ ನಗಲಿಲ್ಲ. "ದೋಣಿ ನೀರಡಿಗೆ ಬಿಟ್ಟಿಕ್ಕಿ ಪ್ರಸಾದ ಕೊಟ್ರೆ, ನಾನ್ ನಾಳೆ ಕಡ್ಲಿಗೆ ಹೋಪುದ್ ಹ್ಯಾಂಗ್ ಭಟ್ರೇ?" ಅಂದ. ಬೈಗುಳವಾಗಿರಲಿಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದ. ಬಾಗಿಲಲ್ಲಿ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ನನಗೆ ಅಂದು ಆದಷ್ಟು ನಾಚಿಕೆ ಹುಲ್ಲುಕುತ್ರಿಯಲ್ಲೂ ಆಗಿರಲಿಲ್ಲ, ಮೈಕಿನಲ್ಲೂ ಆಗಿರಲಿಲ್ಲ. ಅಲ್ಲೆಲ್ಲ ಜನ ನನ್ನನ್ನು ನೋಡಿ ನಕ್ಕಿದ್ದರು. ಇಲ್ಲಿ ಒಬ್ಬ ನನ್ನನ್ನು ನಂಬಿ ಕುಳಿತಿದ್ದ. ನಾನು ಗಡಿಬಿಡಿಯಲ್ಲಿ ನುಂಗುತ್ತಿದ್ದದ್ದು ಬರೀ ಮಾತೆಂದು ತಿಳಿದಿದ್ದೆ. ಅವನಿಗೆ ಅದು ನಾಳೆಯ ಧೈರ್ಯ. ಅಪ್ಪ ಇದ್ದಿದ್ದರೆ ಆ ಮನೆಯವರ ಮುಂದೆ ತಲೆ ಎತ್ತುತ್ತಿರಲಿಲ್ಲ.

"ಟೀಚರ್, ತಪ್ಪಾಯ್ತು" ಎಂದೆ. "ಬರೀ ಇವತ್ತಲ್ಲ, ಸುಮಾರು ವರ್ಷದಿಂದ ನುಂಗ್ತಾ ಇದ್ದೇನೆ."

"ಗೊತ್ತಿತ್ತ್" ಅಂದರು ಟೀಚರ್. "ನಿಮ್ಮ ಅಪ್ಪಯ್ಯ ಹೇಳುದ್ನ ಮೂವತ್ತ್ ವರ್ಷ ಕೇಂಡವ್ಳ್ ನಾನ್. ನೀವೇ ಒಂದಿನ ಸಮ ಆತ್ರಿ ಅಂದ್ಕಂಡ್ ಕಾಯ್ತಾ ಇದ್ದೆ. ಈಗ್ಳ್ ಗಂಟೆ ಕೆಳಗಿಡಿ. ರಿವರ್ಸ್ ಬನ್ನಿ."

"ದೋಣಿ ಮುಳುಗಿದಲ್ಲಿಗಾ ಟೀಚರ್?"

"ಮೊದಲಿಂದ. ಫೇಲ್ ಅಂದ್ರೆ ಫೇಲ್."

"ಆಯ್ತು ಟೀಚರ್" ಎಂದೆ. ನನ್ನ ಬಾಯಿಂದ ಬಂದದ್ದು ಮೂರನೇ ಕ್ಲಾಸಿನ ಸ್ವರ.

ಕಾಲು ಮಡಚಿ ಸರಿಯಾಗಿ ಕುಳಿತು ಮೊದಲ ಅಧ್ಯಾಯದ ಮೊದಲ ಸಾಲಿನಿಂದ ಶುರು ಮಾಡಿದೆ. ಎರಡನೆಯ ಅಧ್ಯಾಯಕ್ಕೆ ಬರುವಾಗ ಫೋನು ಮತ್ತೆ ಗುರುಗುಟ್ಟಿತು. ನಾನು ಆ ಕಡೆ ನೋಡಲೂ ಇಲ್ಲ. ಟೀಚರ್ ಎತ್ತಿದರು. ನಮ್ಮ ಮಾಲೀಕರ ಸ್ವರ ಇಡೀ ಜಗಲಿಗೆ ಕೇಳುತ್ತಿತ್ತು.

"ಭಟ್ರೇ, ಎಲ್ಲಿದ್ರಿ ಮಾರಾಯ್ರೆ? ಇಲ್ಲ್ ಮೂರ್ ಜನ ಕಾಯ್ತಾ ಇದ್ರ್!"

"ಭಟ್ರ್ ಟೆಸ್ಟಿಗೆ ಕೂಕಂಡಿದ್ರ್" ಅಂದರು ಟೀಚರ್.

"ಟೆಸ್ಟಾ? ಭಟ್ರಿಗೆ ಎಂತ ಟೆಸ್ಟ್? ಅವ್ರತ್ರ ಲೈಸೆನ್ಸ್ ಇತ್ತಲೆ?"

"ಕಾರಿಂದ್ ಇತ್ತ್. ಇದ್ ದೋಣಿದ್. ಒಂದ್ ಸಲ ಮುಳ್ಗ್ಸಿ ಫೇಲ್ ಆಯ್ರ್, ಈಗ್ಳ್ ಮೊದಲಿಂದ ಮಾಡ್ತಾ ಇದ್ರ್" ಎಂದು ಟೀಚರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ದೋಣಿ ಮೇಲ್ ಬಂದ್ರೆ ಕಳ್ಸ್ತೆ. ಇಲ್ದಿದ್ರೆ ಊಟದ ಬೆಲ್ ಹೊಡ್ದ್ರೂ ಬಿಡುದಿಲ್ಲೆ."